ಸದಾನಂದ ಗೌಡ, ಡಿ.ವಿ.: ಅರೆಭಾಷೆ ಗೌಡ ಸಮುದಾಯ ಮತ್ತು ರಾಜ್ಯ ರಾಜಕಾರಣ

ದೇವರಗುಂಡ ವೆಂಕಪ್ಪ ಸದಾನಂದ ಗೌಡ ಹುಟ್ಟಿದ್ದು 1953ರ ಮಾರ್ಚ್ 18ರಂದು, ದಕ್ಷಿಣ ಕನ್ನಡ ಜಿಲ್ಲೆಯ ಸುಳ್ಯ ತಾಲ್ಲೂಕಿನ ಮಂಡೆಕೋಲು ಗ್ರಾಮದಲ್ಲಿ. ಕೇರಳದ ಗಡಿಗೆ ತಾಗಿಕೊಂಡಿರುವ ಅಡಿಕೆ ತೋಟಗಳ ಊರು ಅದು. ಪುತ್ತೂರಿನಿಂದ ಎರಡು ಬಾರಿ ಶಾಸಕ, ಮೂರು ಬೇರೆ ಬೇರೆ ಕ್ಷೇತ್ರಗಳಿಂದ ಒಟ್ಟು ನಾಲ್ಕು ಬಾರಿ ಲೋಕಸಭಾ ಸದಸ್ಯ, ರಾಜ್ಯ ಬಿಜೆಪಿಯ ಅಧ್ಯಕ್ಷ, ಕೇಂದ್ರದಲ್ಲಿ ರೈಲ್ವೆ, ಕಾನೂನು, ರಸಗೊಬ್ಬರ ಮುಂತಾದ ಖಾತೆಗಳ ಮಂತ್ರಿ, ಇವೆಲ್ಲದರ ನಡುವೆ 2011ರ ಆಗಸ್ಟ್ 4ರಿಂದ ಹನ್ನೊಂದು ತಿಂಗಳ ಕಾಲ ಕರ್ನಾಟಕದ ಮುಖ್ಯಮಂತ್ರಿ. ಅರೆಭಾಷೆ ಮನೆಮಾತಿನ ಗೌಡ ಸಮುದಾಯದಿಂದ ಆ ಹುದ್ದೆಗೆ ಏರಿದವರು ಅವರೊಬ್ಬರೇ. ಅವರ ಏಳುಬೀಳುಗಳನ್ನು ವಿವರಿಸುವಾಗ ಸಾಮಾನ್ಯವಾಗಿ ‘ಒಕ್ಕಲಿಗ ಲೆಕ್ಕಾಚಾರ’ ಎಂಬ ಒಂದೇ ಮಾತಿನಲ್ಲಿ ವಿಷಯ ಮುಗಿಸಿಬಿಡುತ್ತಾರೆ. ಆ ಲೆಕ್ಕ ಸಾಲದು ಎಂಬುದು ಈ ಲೇಖನದ ವಾದ. ಅವರನ್ನು ಮೇಲಕ್ಕೆ ಒಯ್ದದ್ದು ಜಾತಿಯ ಸಂಖ್ಯಾಬಲವಲ್ಲ. ತನ್ನದೇ ಆದ ಕ್ಷೇತ್ರವಾಗಲಿ, ತನ್ನದೇ ಆದ ಮತಬ್ಯಾಂಕಾಗಲಿ ಇಲ್ಲದ ನಾಯಕನೊಬ್ಬ ಪಕ್ಷದ ಸಂಘಟನೆಗೆ ಒದಗಿಬಂದ ಬಗೆ ಅದು. ಏರಿಸಿದ ಕಾರಣವೇ ಇಳಿಸಿತು ಕೂಡ.

ಸಮುದಾಯದ ಹಿನ್ನೆಲೆಯನ್ನು ಮೊದಲು ನೋಡಬೇಕು. ಅರೆಭಾಷೆ ಗೌಡರ ಪೂರ್ವಿಕರು ಘಟ್ಟದ ಮೇಲಿನ ಐಗೂರು ಸೀಮೆಯಿಂದ ಇಳಿದು ಬಂದವರೆಂಬುದು ಪರಂಪರೆಯ ನಂಬಿಕೆ. ‘ಹತ್ತು ಕುಟುಂಬ ಹದಿನೆಂಟು ಗೋತ್ರ’ ಎಂಬುದು ಅವರ ಸಾಮಾಜಿಕ ಚೌಕಟ್ಟಿನ ಸೂತ್ರವಾಕ್ಯ. ಊರುಗೌಡ, ಮಾಗಣೆ ಗೌಡ ಎಂಬ ಹಂತಗಳ ಮೂಲಕ ಮದುವೆ, ಸೂತಕ, ನ್ಯಾಯಗಳನ್ನು ನಡೆಸಿಕೊಂಡು ಬಂದವರು. ತೀರಿಕೊಂಡ ಹಿರಿಯರನ್ನು ಗುರುಕಾರ್ಣೋರೆಂದು ಎಡೆ ಇಟ್ಟು ನೆನೆಯುವವರು. ಸುಳ್ಯ, ಪುತ್ತೂರು, ಕಡಬ, ಬೆಳ್ತಂಗಡಿ ತಾಲ್ಲೂಕುಗಳಲ್ಲಿ, ಕೊಡಗಿನ ಸಂಪಾಜೆ, ಭಾಗಮಂಡಲ ಕಡೆ, ಕಾಸರಗೋಡಿನ ಬಂದಡ್ಕದಲ್ಲಿ ಅವರ ಮನೆಗಳು ಹರಡಿಕೊಂಡಿವೆ. ಮನೆಯೊಳಗೆ ಅರೆಭಾಷೆ, ಅಂಗಳ ದಾಟಿದರೆ ತುಳು, ಶಾಲೆಯಲ್ಲಿ ಕನ್ನಡ, ಗಡಿಯ ಸಂತೆಯಲ್ಲಿ ಮಲಯಾಳ, ಹೀಗೆ ನಾಲ್ಕು ನುಡಿಗಳ ನಡುವೆ ಬೆಳೆಯುವುದು ಇಲ್ಲಿಯ ಮಕ್ಕಳಿಗೆ ದಿನನಿತ್ಯದ ಸಂಗತಿ. ಭಾಷೆಯ ಹೆಸರಿನಲ್ಲಿ ‘ಅರೆ’ ಇದೆ ಎಂದು ಅದನ್ನು ಅರ್ಧ ಕನ್ನಡವೆಂದು ಬಗೆಯುವವರು ಇದ್ದಾರೆ. ಹಳಗನ್ನಡದ ಎಷ್ಟೋ ರೂಪಗಳನ್ನು ಬಾಯಿಮಾತಿನಲ್ಲಿ ಉಳಿಸಿಕೊಂಡಿರುವ ನುಡಿಯನ್ನು ಹಾಗೆ ಕಡೆಗಣಿಸುವುದು ತಪ್ಪು.

ಈ ಸಮುದಾಯಕ್ಕೆ ರಾಜಕೀಯ ಸ್ಮೃತಿ ಇಲ್ಲದಿಲ್ಲ. 1834ರಲ್ಲಿ ಕೊಡಗಿನ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿದ ಬಳಿಕ ಕಂಪನಿ ಸರಕಾರ ಪುತ್ತೂರು, ಅಮರ ಸುಳ್ಯದ ಮಾಗಣೆಗಳನ್ನು ಕೊಡಗಿನಿಂದ ಕತ್ತರಿಸಿ ಕೆನರಾ ಜಿಲ್ಲೆಗೆ ಸೇರಿಸಿತು. ಅದುವರೆಗೆ ಧಾನ್ಯರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಿನಲ್ಲಿ ಕಟ್ಟಬೇಕಾಯಿತು. ಗಟ್ಟಿ ನಾಣ್ಯ ಕಾಣದ ಬೇಸಾಯಗಾರನ ಕುತ್ತಿಗೆಗೆ ಇದು ಉರುಳಾಯಿತು. 1837ರ ಮಾರ್ಚ್ ಕೊನೆಗೆ ಸುಳ್ಯದಿಂದ ಹೊರಟ ದಂಡು ಏಪ್ರಿಲ್ ಮೊದಲ ವಾರ ಮಂಗಳೂರು ಮುಟ್ಟಿ ಸುಮಾರು ಎರಡು ವಾರ ಅಲ್ಲಿ ತನ್ನ ಬಾವುಟ ಹಾರಿಸಿತು. ದಂಡಿನ ಮುಂದಾಳು ಕೆದಂಬಾಡಿ ರಾಮಯ್ಯ ಗೌಡ. ಜತೆಗಿದ್ದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷ ಮಡಿಕೇರಿಯಲ್ಲಿ ಗಲ್ಲಿಗೇರಿಸಲಾಯಿತು. ಪಠ್ಯಪುಸ್ತಕಗಳು ಬಹುಕಾಲ ಇದನ್ನು ‘ಕಲ್ಯಾಣಪ್ಪನ ಕಾಟಕಾಯಿ’ ಎಂದು ದಂಗೆಯ ಪಟ್ಟಿಗೆ ಸೇರಿಸಿ ಸುಮ್ಮನಾದವು. ರಾಮಯ್ಯ ಗೌಡರ ಪ್ರತಿಮೆ ಮಂಗಳೂರಿನ ಬಾವುಟಗುಡ್ಡೆಯಲ್ಲಿ ನಿಂತದ್ದು 2022ರಲ್ಲಿ. ಹೋರಾಟಕ್ಕೂ ಅದರ ಸಾರ್ವಜನಿಕ ಮನ್ನಣೆಗೂ ನಡುವೆ 185 ವರ್ಷಗಳು ಕಳೆದಿವೆ. ಸಣ್ಣ ಸಮುದಾಯಗಳ ಚರಿತ್ರೆ ರಾಜಧಾನಿಯ ಕಿವಿಗೆ ಬೀಳಲು ಎಷ್ಟು ಕಾಲ ಬೇಕೆಂಬುದಕ್ಕೆ ಈ ಅಂತರವೇ ಅಳತೆ.

ಸದಾನಂದ ಗೌಡರು ಬೆಳೆದದ್ದು ಈ ಸೀಮೆಯಲ್ಲಿ ಪದವಿ ಶಿಕ್ಷಣ ಹಳ್ಳಿಮನೆಗಳ ಕೈಗೆ ಎಟುಕತೊಡಗಿದ ಕಾಲದಲ್ಲಿ. ಪುತ್ತೂರಿನಲ್ಲಿ 1958ರಲ್ಲಿ ಸಂತ ಫಿಲೋಮಿನಾ ಕಾಲೇಜು, 1965ರಲ್ಲಿ ವಿವೇಕಾನಂದ ಕಾಲೇಜು ಆರಂಭವಾದವು. ಸುಳ್ಯದಲ್ಲಿ ಕುರುಂಜಿ ವೆಂಕಟರಮಣ ಗೌಡರು 1976ರಲ್ಲಿ ನೆಹರೂ ಮೆಮೋರಿಯಲ್ ಕಾಲೇಜು ಕಟ್ಟಿದರು. ಫಿಲೋಮಿನಾದಲ್ಲಿ ವಿಜ್ಞಾನ ಪದವಿ, ಉಡುಪಿಯ ವೈಕುಂಠ ಬಾಳಿಗಾ ಕಾಲೇಜಿನಲ್ಲಿ ಕಾನೂನು ಪದವಿ, ಎಪ್ಪತ್ತರ ದಶಕದ ನಡುವಿನಿಂದ ಸುಳ್ಯ ಮತ್ತು ಪುತ್ತೂರಿನ ನ್ಯಾಯಾಲಯಗಳಲ್ಲಿ ವಕೀಲಿ, ನಡುವೆ ಸ್ವಲ್ಪ ಕಾಲ ಶಿರಸಿಯಲ್ಲಿ ಸರಕಾರಿ ಅಭಿಯೋಜಕರ ಕೆಲಸ. ವಿದ್ಯಾರ್ಥಿ ಪರಿಷತ್ತಿನ ಮೂಲಕ ಸಂಘಟನೆಗೆ ಬಂದವರು ಜನಸಂಘ, ಅನಂತರ ಬಿಜೆಪಿ, ಯುವಮೋರ್ಚಾ ಎಂದು ಒಂದೊಂದೇ ಮೆಟ್ಟಿಲು ಹತ್ತಿದರು. ಇಲ್ಲಿ ಗಮನಿಸಬೇಕಾದ ಅಂಶ, ಅವರ ಮೊದಲ ಗುರುತು ಜಾತಿ ಸಂಘದ ಪದಾಧಿಕಾರಿಯದಾಗಲಿ ದೊಡ್ಡ ಮನೆತನದ ವಾರಸುದಾರನದಾಗಲಿ ಆಗಿರಲಿಲ್ಲ. ತಾಲ್ಲೂಕು ಮಟ್ಟದ ಪಕ್ಷದ ಕಾರ್ಯಕರ್ತ ಎಂಬುದೇ ಅವರ ಗುರುತು.

ವಾದದ ಮುಖ್ಯ ಸಾಕ್ಷ್ಯ ಇರುವುದು ಕ್ಷೇತ್ರದ ವಿಚಾರದಲ್ಲಿ. ಗೌಡರು ಗಣನೀಯ ಸಂಖ್ಯೆಯಲ್ಲಿರುವ ವಿಧಾನಸಭಾ ಕ್ಷೇತ್ರ ಸುಳ್ಯ. ಈಗಿನ ಕಡಬ ತಾಲ್ಲೂಕಿನ ಬಹುಭಾಗವೂ ಅದರೊಳಗೇ ಬರುತ್ತದೆ. ಆದರೆ ಸುಳ್ಯ ದಶಕಗಳಿಂದ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ. ಮಂಡೆಕೋಲಿನ ಗೌಡನೊಬ್ಬ ತನ್ನ ಊರಿನಲ್ಲಿ ಪಂಚಾಯಿತಿ ಗೆಲ್ಲಬಹುದು, ಸಹಕಾರಿ ಸಂಘ ನಡೆಸಬಹುದು, ವಿಧಾನಸಭೆಗೆ ಅಲ್ಲಿಂದ ಹೋಗಲಾರ. ಇದು ನ್ಯಾಯವಾದ ಏರ್ಪಾಡು. ಶತಮಾನಗಳ ಕಾಲ ಅಂಗಳದ ಹೊರಗೆ ನಿಲ್ಲಿಸಿದವರಿಗೆ ಒಂದು ಪೀಠ ಕಾಯ್ದಿರಿಸುವುದರ ಬಗ್ಗೆ ತಕರಾರಿಗೆ ಜಾಗವಿಲ್ಲ. ಅದರ ಒಂದು ಪರಿಣಾಮವಂತೂ ಸ್ಪಷ್ಟ: ಸುಳ್ಯದ ಗೌಡ ನಾಯಕರು ರಾಜ್ಯ ಮಟ್ಟಕ್ಕೆ ಹೋಗಬೇಕಾದರೆ ಬೇರೆಯವರ ಊರಿಗೆ ಹೋಗಿ ಮತ ಕೇಳಬೇಕು. ಸದಾನಂದ ಗೌಡರು ಪುತ್ತೂರಿಗೆ ಬಂದರು. ಬಂಟರು, ಬಿಲ್ಲವರು, ಹವ್ಯಕರು, ಮುಸಲ್ಮಾನರು, ಕ್ರೈಸ್ತರು, ದಲಿತರು, ಗೌಡರು ಎಲ್ಲರೂ ಇರುವ, ಯಾರೂ ಒಬ್ಬರೇ ಗೆಲ್ಲಿಸಲಾರದ ಕ್ಷೇತ್ರ ಅದು. ಉರಿಮಜಲು ರಾಮ ಭಟ್ಟರು 1978 ಮತ್ತು 1983ರಲ್ಲಿ, ಕಾಂಗ್ರೆಸ್ಸಿನ ವಿನಯ ಕುಮಾರ್ ಸೊರಕೆ 1985 ಮತ್ತು 1989ರಲ್ಲಿ ಅಲ್ಲಿಂದ ಗೆದ್ದಿದ್ದರು. 1989ರಲ್ಲಿ ಸೋತ ಸದಾನಂದ ಗೌಡರು 1994ರಲ್ಲಿ ಮತ್ತು 1999ರಲ್ಲಿ ಗೆದ್ದರು. ಎರಡನೆಯ ಅವಧಿಯಲ್ಲಿ ವಿಧಾನಸಭೆಯಲ್ಲಿ ವಿರೋಧ ಪಕ್ಷದ ಉಪನಾಯಕರಾದರು. ಆಗ ನಾಯಕ ಜಗದೀಶ ಶೆಟ್ಟರ್. ಈ ಇಬ್ಬರ ಸ್ಥಾನಗಳು ಮುಂದೆ ಎರಡು ಬಾರಿ ಅದಲುಬದಲಾಗಲಿವೆ.

ಅದೇ 1994ರಲ್ಲಿ ಸುಳ್ಯದಿಂದ ಬಿಜೆಪಿಯ ಎಸ್. ಅಂಗಾರ ಗೆದ್ದರು. ಅಲ್ಲಿಂದ 2018ರವರೆಗೆ ಸತತ ಆರು ಚುನಾವಣೆಗಳಲ್ಲಿ ಗೆದ್ದ ಅವರು ಸರಳ ಬದುಕಿಗೆ ಹೆಸರಾದವರು. ಮಂತ್ರಿಯಾದದ್ದು 2021ರಲ್ಲಿ ಮಾತ್ರ, ಮೀನುಗಾರಿಕೆ ಮತ್ತು ಬಂದರು ಖಾತೆಗೆ. ಒಂದೇ ನೆಲದ ಈ ಇಬ್ಬರನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ವಿಷಯ ತಿಳಿಯುತ್ತದೆ. ಭದ್ರವಾದ ಸ್ವಂತ ಕ್ಷೇತ್ರ ಇದ್ದವರನ್ನು ಪಕ್ಷ ಅಲ್ಲೇ ಬಿಟ್ಟಿತು. ಕ್ಷೇತ್ರವಿಲ್ಲದವರನ್ನು ಎಲ್ಲೆಡೆ ಕಳುಹಿಸಿತು. ಅಂಗಾರರಿಗೆ ಅವರ ನಿಷ್ಠೆಗೆ ತಕ್ಕ ಅವಕಾಶ ಬಹಳ ತಡವಾಗಿ ಸಿಕ್ಕಿತೆಂಬುದರಲ್ಲಿ ಅನುಮಾನವಿಲ್ಲ, ಮತ್ತು ಅದರಲ್ಲಿ ದಲಿತ ಶಾಸಕರನ್ನು ಮೀಸಲು ಕ್ಷೇತ್ರದ ಬೇಲಿಯೊಳಗೇ ಉಳಿಸುವ ಎಲ್ಲ ಪಕ್ಷಗಳ ಹಳೆಯ ಚಾಳಿಯ ಪಾಲೂ ಇದೆ. 2023ರಲ್ಲಿ ಗೆದ್ದ ಭಾಗೀರಥಿ ಮುರುಳ್ಯ ಆ ಕ್ಷೇತ್ರದ ಮೊದಲ ಶಾಸಕಿ.

2004ರಲ್ಲಿ ಪಕ್ಷ ಸದಾನಂದ ಗೌಡರನ್ನು ಮಂಗಳೂರು ಲೋಕಸಭಾ ಕ್ಷೇತ್ರಕ್ಕೆ ಕಳುಹಿಸಿತು. ಅಲ್ಲಿ ಅವರು ಸೋಲಿಸಿದ್ದು ಮಾಜಿ ಮುಖ್ಯಮಂತ್ರಿ ಎಂ. ವೀರಪ್ಪ ಮೊಯಿಲಿಯವರನ್ನು. ಈ ಮುಖಾಮುಖಿಯನ್ನು ಬರೀ ಚುನಾವಣಾ ಫಲಿತಾಂಶವಾಗಿ ನೋಡಿದರೆ ಅರ್ಥ ಕೈತಪ್ಪುತ್ತದೆ. ಅವಿಭಜಿತ ದಕ್ಷಿಣ ಕನ್ನಡ ರಾಜ್ಯಕ್ಕೆ ಕೊಟ್ಟ ಇಬ್ಬರು ಮುಖ್ಯಮಂತ್ರಿಗಳು ಇವರೇ, ಮತ್ತು ಇಬ್ಬರೂ ರಾಜ್ಯದ ಲೆಕ್ಕದಲ್ಲಿ ಸಣ್ಣ ಸಮುದಾಯಗಳಿಂದ ಬಂದವರು. ಮೊಯಿಲಿ ದೇವಾಡಿಗ ಸಮುದಾಯದವರು. ದೇವರಾಜ ಅರಸರ ಕಾಲದಲ್ಲಿ ಹಿಂದುಳಿದ ವರ್ಗಗಳ ಒಗ್ಗೂಡುವಿಕೆಯಿಂದ ಮೇಲೆ ಬಂದರು, ಕಾರ್ಕಳದಿಂದ ಮತ್ತೆ ಮತ್ತೆ ಗೆದ್ದರು, 1992ರಿಂದ ಎರಡು ವರ್ಷ ರಾಜ್ಯ ಆಳಿದರು. ಕರಾವಳಿಯಲ್ಲಿ ಸಂಖ್ಯಾಬಲವಿರುವ ಬಂಟ, ಬಿಲ್ಲವ ಸಮುದಾಯಗಳಿಂದ ಘಟಾನುಘಟಿ ನಾಯಕರು ಬಂದರೂ ಮುಖ್ಯಮಂತ್ರಿ ಪದವಿ ಅವರಿಗೆ ದಕ್ಕಲಿಲ್ಲ. ಲಿಂಗಾಯತ, ಒಕ್ಕಲಿಗ ಎಂಬ ರಾಜ್ಯದ ಎರಡು ಬಲಿಷ್ಠ ಸಮುದಾಯಗಳ ಪೈಪೋಟಿಯಲ್ಲಿ ಕರಾವಳಿಯ ಮುಂದಾಳಿಗೆ ಜಾಗ ಸಿಗುವುದು ಬಿಕ್ಕಟ್ಟಿನ ಹೊತ್ತಿನಲ್ಲಿ, ಪಕ್ಷದ ಆಯ್ಕೆಯಾಗಿ. ಎರಡೂ ಸಲ ಆದದ್ದು ಅದೇ.

2006ರಲ್ಲಿ ಸದಾನಂದ ಗೌಡರು ಪಕ್ಷದ ರಾಜ್ಯಾಧ್ಯಕ್ಷರಾದರು. 2008ರ ಮೇ ತಿಂಗಳಿನಲ್ಲಿ 224ರ ಪೈಕಿ 110 ಸ್ಥಾನ ಗೆದ್ದು ಬಿಜೆಪಿ ದಕ್ಷಿಣ ಭಾರತದಲ್ಲಿ ಮೊದಲ ಸಲ ತನ್ನದೇ ಸರಕಾರ ರಚಿಸಿದಾಗ ಸಂಘಟನೆಯ ಹೊಣೆ ಅವರದಾಗಿತ್ತು. 2009ರಲ್ಲಿ ಉಡುಪಿ-ಚಿಕ್ಕಮಗಳೂರಿನಿಂದ ಲೋಕಸಭೆಗೆ ಹೋದರು. ಲೋಕಾಯುಕ್ತ ವರದಿಯ ಬಳಿಕ ಬಿ.ಎಸ್. ಯಡಿಯೂರಪ್ಪ ರಾಜೀನಾಮೆ ಕೊಡಬೇಕಾದಾಗ, 2011ರ ಆಗಸ್ಟ್ ಆರಂಭದಲ್ಲಿ, ಶಾಸಕಾಂಗ ಪಕ್ಷದೊಳಗೆ ರಹಸ್ಯ ಮತದಾನ ನಡೆಯಿತು. ಯಡಿಯೂರಪ್ಪನವರ ಬಣದ ಅಭ್ಯರ್ಥಿಯಾಗಿ ಸದಾನಂದ ಗೌಡರು ಜಗದೀಶ ಶೆಟ್ಟರನ್ನು ಸೋಲಿಸಿದರು.

ಜಾತಿ ಲೆಕ್ಕವೇ ಎಲ್ಲವೂ ಎನ್ನುವವರಿಗೆ ಉತ್ತರ ಈ ಘಟ್ಟದಲ್ಲಿ ಸಿಗುತ್ತದೆ. ಲಿಂಗಾಯತ ನಾಯಕ ಇಳಿದಾಗ ಒಕ್ಕಲಿಗರೊಬ್ಬರನ್ನು ಕೂರಿಸಿದರು ಎಂಬುದು ಅವರ ವಿವರಣೆ. ಅದರಲ್ಲಿ ಸತ್ಯಾಂಶವಿದೆ, ಅಲ್ಲಗಳೆಯಬೇಕಿಲ್ಲ. ಆದರೆ ಒಕ್ಕಲಿಗ ಎಂಬುದೇ ಮುಖ್ಯವಾಗಿದ್ದರೆ ಬೆಂಗಳೂರಿನಲ್ಲಿ ಬೇರೂರಿದ್ದ ಆರ್. ಅಶೋಕ್ ಮಂತ್ರಿಮಂಡಲದಲ್ಲೇ ಇದ್ದರು. ಶಾಸಕನೂ ಅಲ್ಲದ, ಹಳೆ ಮೈಸೂರಿನಲ್ಲಿ ಒಂದು ಹೋಬಳಿಯ ಹಿಡಿತವೂ ಇಲ್ಲದ ಸಂಸದನೊಬ್ಬನನ್ನು ದಿಲ್ಲಿಯಿಂದ ಕರೆಸಬೇಕಾಗಿರಲಿಲ್ಲ. ಅವರನ್ನು ಆರಿಸಿದ್ದು ಸ್ವಂತ ಬಲವಿಲ್ಲದ್ದಕ್ಕಾಗಿಯೇ. ಪೀಠ ಬಿಟ್ಟುಕೊಡುವವನಿಗೆ ಬೇಕಾದದ್ದು ಅದನ್ನು ತನ್ನದಾಗಿಸಿಕೊಳ್ಳಲಾರದ ನಂಬಿಗಸ್ಥ. ಇನ್ನೊಂದು ಸಂಗತಿಯನ್ನೂ ನೆನಪಿಡಬೇಕು. ‘ಗೌಡ’ ಎಂಬ ಹೆಸರು ಮಂಡ್ಯ, ಹಾಸನದಲ್ಲಿ ಕೇಳಿಸುವುದು ಒಂದು ರೀತಿ, ಸುಳ್ಯದಲ್ಲಿ ಇನ್ನೊಂದು ರೀತಿ. ಬೆಂಗಳೂರಿನ ಪತ್ರಿಕೆಗೆ ಅವರು ಒಕ್ಕಲಿಗ ಮುಖ್ಯಮಂತ್ರಿ. ಊರಿನವರಿಗೆ ನಮ್ಮ ಅರೆಭಾಷೆಯ ಗೌಡ. ಮಾತು, ಮದುವೆಯ ಕಟ್ಟಳೆ, ದೈವಾರಾಧನೆ, ಎಲ್ಲವೂ ಘಟ್ಟದ ಮೇಲಿನವರಿಗಿಂತ ಬೇರೆ. ರಾಜಧಾನಿಯಲ್ಲಿ ದೊಡ್ಡ ಸಮುದಾಯದ ಹೆಸರು ಉಪಯೋಗಕ್ಕೆ ಬಂತು, ಆದರೆ ಆ ದೊಡ್ಡ ಸಮುದಾಯ ತನ್ನವನೆಂದು ಅವರ ಹಿಂದೆ ನಿಲ್ಲಲಿಲ್ಲ. 2012ರ ಜುಲೈಯಲ್ಲಿ ಅದೇ ಯಡಿಯೂರಪ್ಪ ಬಣ ಮುನಿದಾಗ ಶೆಟ್ಟರ್ ಮುಖ್ಯಮಂತ್ರಿಯಾದರು. ಸದಾನಂದ ಗೌಡರಿಗಾಗಿ ಬೀದಿಗಿಳಿದ ಸಮುದಾಯ ಯಾವುದೂ ಇರಲಿಲ್ಲ. ಅವರು ಬಿಟ್ಟುಬಂದಿದ್ದ ಉಡುಪಿ-ಚಿಕ್ಕಮಗಳೂರು ಕ್ಷೇತ್ರವೂ ಆ ವರ್ಷದ ಮಾರ್ಚಿನ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ಜಯಪ್ರಕಾಶ ಹೆಗ್ಡೆಯವರ ಪಾಲಾಗಿತ್ತು.

ಹೊರಗಿನ ಜಗತ್ತಿನ ಒಂದೆರಡು ನಿದರ್ಶನಗಳು ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತವೆ. ಮಲೇಶಿಯಾದ ಪೆನಾಂಗ್ ರಾಜ್ಯದಲ್ಲಿ ಚೀನೀ ಮೂಲದವರ ಸಂಖ್ಯೆ ದೊಡ್ಡದು. 1957ರ ಸ್ವಾತಂತ್ರ್ಯದಿಂದೀಚೆಗೆ ಅಲ್ಲಿಯ ಮುಖ್ಯಮಂತ್ರಿಗಳೆಲ್ಲ ಆ ಸಮುದಾಯದವರೇ. ಅವರಲ್ಲಿ ಲಿಮ್ ಚೊಂಗ್ ಯೂ 1969ರಿಂದ 1990ರವರೆಗೆ ಆಳಿದರು. ಸಂಖ್ಯೆ ಇದ್ದಲ್ಲಿ ಅವಧಿಯೂ ದೀರ್ಘ. ಇಂಡೊನೇಶಿಯಾದ ಬಸುಕಿ ಚಹಾಯ ಪುರ್ನಮ ಬೆಲಿತುಂಗ್ ದ್ವೀಪದ ಚೀನೀ ಮೂಲದ ಮನೆಯವರು, ಕ್ರೈಸ್ತರು. ಜಕಾರ್ತಾದಲ್ಲಿ ಅವರ ಸಮುದಾಯ ತೀರ ಅಲ್ಪಸಂಖ್ಯಾತ. 2012ರಲ್ಲಿ ಜೊಕೊ ವಿಡೊಡೊ ಅವರ ಜತೆ ಉಪ ಗವರ್ನರ್ ಆಗಿ ಗೆದ್ದರು, ವಿಡೊಡೊ ಅಧ್ಯಕ್ಷರಾದಾಗ 2014ರಲ್ಲಿ ಗವರ್ನರ್ ಆದರು, 2017ರಲ್ಲಿ ಸೋತರು, ಧರ್ಮನಿಂದನೆಯ ಆರೋಪದಲ್ಲಿ ಸೆರೆಮನೆಗೂ ಹೋದರು. ಸದಾನಂದ ಗೌಡರನ್ನು ಅವರ ಜತೆ ಹೋಲಿಸುವುದು ಅತಿಯಾಯಿತೆಂದು ಯಾರಾದರೂ ಹೇಳಿದರೆ ಆ ಆಕ್ಷೇಪ ಸರಿಯೇ. ಅರೆಭಾಷೆ ಗೌಡರು ಬಹುಸಂಖ್ಯಾತ ಧರ್ಮದವರು, ಭೂಮಿ ಇದ್ದವರು, ಅವರನ್ನು ಪರಕೀಯರೆಂದು ಯಾರೂ ಹಂಗಿಸಿಲ್ಲ. ಹೋಲಿಕೆ ನಿಲ್ಲುವುದು ಒಂದೇ ಅಂಶದಲ್ಲಿ: ಸಂಖ್ಯೆಯಿಲ್ಲದ ನಾಯಕನಿಗೆ ಏರಲು ಇನ್ನೊಬ್ಬರ ಹೆಗಲು ಬೇಕು, ಆ ಹೆಗಲು ಸರಿದಾಗ ಕೆಳಗೆ ಹಿಡಿಯುವವರಿರುವುದಿಲ್ಲ.

ಹನ್ನೊಂದು ತಿಂಗಳಲ್ಲಿ ಏನು ಉಳಿಯಿತು? ಎರಡು ಸಂಗತಿಗಳು ಉಳಿದವು, ಎರಡೂ ದೊಡ್ಡವೇ. ಮೊದಲನೆಯದು ಸಕಾಲ. 2011ರ ನಾಗರಿಕ ಸೇವೆಗಳ ಖಾತರಿ ಕಾಯ್ದೆಯ ಅಡಿ 2012ರ ಮಾರ್ಚ್ 1ರಂದು ನಾಲ್ಕು ತಾಲ್ಲೂಕುಗಳಲ್ಲಿ ಇದನ್ನು ಪ್ರಾಯೋಗಿಕವಾಗಿ ಶುರುಮಾಡಿದರು: ಔರಾದ, ಧಾರವಾಡ, ಚಿತ್ರದುರ್ಗ ಮತ್ತು ಪುತ್ತೂರು. ಏಪ್ರಿಲ್ 2ರಿಂದ ಇಡೀ ರಾಜ್ಯಕ್ಕೆ ಹಬ್ಬಿದಾಗ 11 ಇಲಾಖೆಗಳ 151 ಸೇವೆಗಳು ಅದರಲ್ಲಿದ್ದವು. ಜಾತಿ-ಆದಾಯ ಪ್ರಮಾಣಪತ್ರಕ್ಕೋ ಪಡಿತರ ಚೀಟಿಗೋ ಅರ್ಜಿ ಕೊಟ್ಟವನ ಕೈಗೆ ಹದಿನೈದು ಅಂಕಿಗಳ ಸಂಖ್ಯೆ ಇರುವ ರಸೀದಿ ಬರುತ್ತದೆ. ಎಷ್ಟು ದಿನದೊಳಗೆ ಕೆಲಸ ಆಗಬೇಕೆಂಬುದು ನಿಗದಿಯಾಗಿರುತ್ತದೆ. ಅರ್ಜಿ ಎಲ್ಲಿದೆಯೆಂದು ಮೊಬೈಲಿನಲ್ಲೇ ಕೇಳಬಹುದು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿವರೆಗೆ ಪರಿಹಾರ. ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿ ಇಳಿದು, ‘ನಾಳೆ ಬಾ’ ಕೇಳಿ, ಬಸ್ಸಿನ ದುಡ್ಡು ಕಳೆದುಕೊಂಡು ಮನೆ ಸೇರಿದ ಸುಬ್ರಹ್ಮಣ್ಯದ ಕಡೆಯ, ಕೊಂಬಾರಿನ ಕಡೆಯ ರೈತನಿಗೆ ಆ ರಸೀದಿಯ ಬೆಲೆ ಗೊತ್ತು. ಪರಿಹಾರದ ಮೊತ್ತ ಚಿಕ್ಕದು, ಕೇಳುವವರು ವಿರಳ, ಅರ್ಜಿ ಸ್ವೀಕರಿಸದೆಯೇ ವಾಪಸ್ ಕಳಿಸಿ ಲೆಕ್ಕ ಸರಿಮಾಡುವ ಜಾಣತನವೂ ಕಚೇರಿಗಳಿಗೆ ಗೊತ್ತು ಎಂಬ ಟೀಕೆಗಳಲ್ಲಿ ಹುರುಳಿದೆ. ಹಾಗಿದ್ದೂ ಸರಕಾರಿ ಸೇವೆ ಕೃಪೆಯಲ್ಲ, ದಿನಾಂಕ ಹಾಕಿದ ಹಕ್ಕು ಎಂಬುದನ್ನು ಕಾನೂನಿನ ಮಾತಾಗಿಸಿದ್ದು ಸಣ್ಣ ಸಾಧನೆಯಲ್ಲ. ಯೋಜನೆಯ ಅನುಷ್ಠಾನದಲ್ಲಿ ಆಗಿನ ಕಾನೂನು ಮಂತ್ರಿ ಎಸ್. ಸುರೇಶ್ ಕುಮಾರ್ ಅವರ ಪಾಲು ದೊಡ್ಡದು. ಮುಖ್ಯಮಂತ್ರಿ ಬೆನ್ನಿಗಿದ್ದರು ಎಂಬುದೂ ಅಷ್ಟೇ ದಿಟ. ಬಣಗಳ ಜಗಳದಲ್ಲಿ ದಿನವೂ ಪೀಠ ಅಲುಗಾಡುತ್ತಿದ್ದ ಸರಕಾರದಿಂದ ಇಂಥ ಕೆಲಸ ಬಂತೆಂಬುದನ್ನು ಗೌರವದಿಂದಲೇ ದಾಖಲಿಸಬೇಕು.

ಎರಡನೆಯದು 2011ರ ಡಿಸೆಂಬರಿನಲ್ಲಿ ಸ್ಥಾಪನೆಯಾದ ಕರ್ನಾಟಕ ಅರೆಭಾಷೆ ಸಂಸ್ಕೃತಿ ಮತ್ತು ಸಾಹಿತ್ಯ ಅಕಾಡೆಮಿ. ಮಡಿಕೇರಿಯಲ್ಲಿ ಅದರ ಕಚೇರಿ. ಮೊದಲ ಅಧ್ಯಕ್ಷರು ಸಂಪಾಜೆಯ ಎನ್.ಎಸ್. ದೇವಿಪ್ರಸಾದ್. ಮುಖ್ಯಮಂತ್ರಿ ತನ್ನ ಜನಕ್ಕೆ ಮಾಡಿದ ಉಪಕಾರ ಇದು ಎಂದವರಿದ್ದಾರೆ. ತುಳು, ಕೊಂಕಣಿ, ಕೊಡವ, ಬ್ಯಾರಿ ಅಕಾಡೆಮಿಗಳು ಅದಕ್ಕೂ ಮೊದಲೇ ಇದ್ದವು. ಅದೇ ಸೀಮೆಯ, ಅದೇ ಬೀದಿಯ ನಾಲ್ಕು ನುಡಿಗಳಿಗೆ ಸಿಕ್ಕ ಮನ್ನಣೆ ಐದನೆಯದಕ್ಕೆ ಸಿಕ್ಕರೆ ಅದು ಪಕ್ಷಪಾತವಲ್ಲ, ತಡವಾದ ನ್ಯಾಯ. ಇನ್ನೊಂದು ಮಾತು: ಆ ಕುರ್ಚಿಯಲ್ಲಿ ಅರೆಭಾಷೆ ಬಲ್ಲವರೊಬ್ಬರು ಕೂರದೆ ಹೋಗಿದ್ದರೆ ಆ ಕಡತ ಇನ್ನೆಷ್ಟು ವರ್ಷ ಕಪಾಟಿನಲ್ಲಿರುತ್ತಿತ್ತೋ. ಸಣ್ಣ ಸಮುದಾಯದವರೊಬ್ಬರು ಅಧಿಕಾರಕ್ಕೆ ಬರುವುದರಿಂದ ಆಗುವ ಪ್ರಯೋಜನ ಇಂಥ ಕಡೆ ಕಣ್ಣಿಗೆ ಕಾಣುತ್ತದೆ. ಅಕಾಡೆಮಿ ಬಂದ ಮೇಲೆ ಪುಸ್ತಕಗಳು, ಪತ್ರಿಕೆ, ನಿಘಂಟಿನ ಕೆಲಸ ನಡೆದಿದೆ. ಮನೆಯ ಜಗಲಿಯಲ್ಲಷ್ಟೇ ಇದ್ದ ಮಾತು ವೇದಿಕೆಗೆ ಬಂದಿದೆ.

ಮುಖ್ಯಮಂತ್ರಿ ಸ್ಥಾನದ ನಂತರದ ಭಾಗವನ್ನು ಬೇಗ ಹೇಳಿ ಮುಗಿಸಬಹುದು. 2013ರಿಂದ ಒಂದು ವರ್ಷ ವಿಧಾನ ಪರಿಷತ್ತಿನಲ್ಲಿ ವಿರೋಧ ಪಕ್ಷದ ನಾಯಕ. 2014 ಮತ್ತು 2019ರಲ್ಲಿ ಬೆಂಗಳೂರು ಉತ್ತರದಿಂದ ಲೋಕಸಭೆಗೆ. 2014ರ ಜುಲೈ 8ರಂದು ರೈಲ್ವೆ ಮಂತ್ರಿಯಾಗಿ ಬಜೆಟ್ ಮಂಡಿಸಿದರು. ಆರು ತಿಂಗಳು ತುಂಬುವುದರೊಳಗೆ ಆ ಖಾತೆ ಕೈಬಿಟ್ಟು ಕಾನೂನು ಖಾತೆ ಬಂತು, 2016ರಲ್ಲಿ ಸಾಂಖ್ಯಿಕ ಖಾತೆ, 2019ರಲ್ಲಿ ರಾಸಾಯನಿಕ ಮತ್ತು ರಸಗೊಬ್ಬರ, 2021ರ ಜುಲೈಯಲ್ಲಿ ಸಂಪುಟದಿಂದಲೇ ನಿರ್ಗಮನ. ಖಾತೆಯಿಂದ ಖಾತೆಗೆ ಸಾಗಿದ ಈ ದಾರಿಯಲ್ಲೂ ಹಳೆಯ ಲಕ್ಷಣವೇ ಕಾಣುತ್ತದೆ: ಹೇಳಿದಲ್ಲಿಗೆ ಹೋಗುವ, ತಕರಾರಿಲ್ಲದೆ ಬಿಟ್ಟುಕೊಡುವ ನಾಯಕ.

ಸಮುದಾಯದ ಹೆಸರೊಂದೇ ಗೆಲ್ಲಿಸುವುದಿಲ್ಲ ಎಂಬುದಕ್ಕೆ ಪುತ್ತೂರೇ ಮತ್ತೆ ಸಾಕ್ಷಿ ಒದಗಿಸಿತು. 2018ರಲ್ಲಿ ಬಿಜೆಪಿಯಿಂದ ಗೌಡ ಸಮುದಾಯದ ಸಂಜೀವ ಮಠಂದೂರು ಗೆದ್ದಿದ್ದರು. 2023ರಲ್ಲಿ ಅವರ ಬದಲಿಗೆ ಅದೇ ಸಮುದಾಯದ ಆಶಾ ತಿಮ್ಮಪ್ಪ ಗೌಡರಿಗೆ ಟಿಕೆಟ್ ಸಿಕ್ಕಿತು. ಆದರೆ ಪಕ್ಷದ ಕಾರ್ಯಕರ್ತರ ದೊಡ್ಡ ಪಾಲು ಪಕ್ಷೇತರರಾಗಿ ನಿಂತ ಅರುಣ್ ಕುಮಾರ್ ಪುತ್ತಿಲರ ಹಿಂದೆ ಹೋಯಿತು. ಕಾಂಗ್ರೆಸ್ಸಿನ ಅಶೋಕ್ ಕುಮಾರ್ ರೈ ಗೆದ್ದರು, ಪುತ್ತಿಲ ಎರಡನೆಯ ಸ್ಥಾನ ಪಡೆದರು, ಅಧಿಕೃತ ಅಭ್ಯರ್ಥಿ ಮೂರನೆಯ ಸ್ಥಾನಕ್ಕೆ ಇಳಿದರು. ಸಂಘಟನೆ ಒಡೆದ ಕಡೆ ಸಮುದಾಯದ ಗುರುತು ಕೈಹಿಡಿಯಲಿಲ್ಲ. 1994ರಲ್ಲಿ ಸದಾನಂದ ಗೌಡರನ್ನು ಗೆಲ್ಲಿಸಿದ್ದು ಯಾವುದು ಎಂಬ ಪ್ರಶ್ನೆಗೆ ಮೂರು ದಶಕಗಳ ನಂತರ ಸಿಕ್ಕ ಉತ್ತರ ಇದು.

2024ರ ಲೋಕಸಭಾ ಚುನಾವಣೆಯಲ್ಲಿ ಸದಾನಂದ ಗೌಡರು ಕಣದಲ್ಲಿರಲಿಲ್ಲ. ಬೆಂಗಳೂರು ಉತ್ತರದಿಂದ ಬಿಜೆಪಿ ಅಭ್ಯರ್ಥಿಯಾಗಿ ಗೆದ್ದವರು ಶೋಭಾ ಕರಂದ್ಲಾಜೆ. ಅದಕ್ಕೂ ಮುನ್ನ ಎರಡು ಅವಧಿಗೆ ಅವರು ಪ್ರತಿನಿಧಿಸಿದ್ದು ಉಡುಪಿ-ಚಿಕ್ಕಮಗಳೂರನ್ನು, ಅಂದರೆ ಸದಾನಂದ ಗೌಡರು 2009ರಲ್ಲಿ ಗೆದ್ದಿದ್ದ ಕ್ಷೇತ್ರವನ್ನು. ಅವರೂ ಗೌಡ ಸಮುದಾಯದವರು. ಹುಟ್ಟೂರು ಹಿಂದೆ ಪುತ್ತೂರು ತಾಲ್ಲೂಕಿನಲ್ಲಿದ್ದು ಈಗ ಕಡಬಕ್ಕೆ ಸೇರಿದ ಚಾರ್ವಾಕ, ಮೀಸಲು ಸುಳ್ಯ ಕ್ಷೇತ್ರದೊಳಗಿನ ಊರು.